ಡಾಕ್ಟರಮ್ಮ ಬೊಂಬಾಯಿಗೆ ಹಾರಿದ್ದು

ಡಾಕ್ಟರಮ್ಮನ ಹದಿಮೂರನೇ ದಿನದ ಊಟಕ್ಕೆ ಸಾಗರಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ನನ್ನ ಆಚೆ ಈಚೆ ಕೂತವರೆಲ್ಲ ಒಂದೋ ಡಾಕ್ಟರಮ್ಮನ ಕೈಯಲ್ಲಿ ಹುಟ್ಟಿದವರು, ಇಲ್ಲವೇ ಅವರ ಕೈಯಲ್ಲಿ ಹೆತ್ತವರು. ಸಾರು ಬರುವ ಹೊತ್ತಿಗೇ ಅವರ ಧೈರ್ಯದ ಕಥೆಗಳು ಶುರುವಾದವು. ಶರಾವತಿಗೆ ಅಣೆಕಟ್ಟು ಕಟ್ಟಿ ಹೊಸನಗರದ ಕಡೆ ಹಿನ್ನೀರು ಏರುತ್ತಿದ್ದ ವರ್ಷ, ಊರಿಗೆ ಊರೇ ಖಾಲಿಯಾದ ಮೇಲೂ ಹೆರಿಗೆ ನೋವು ಶುರುವಾದ ಒಬ್ಬಳು ಗಾಡಿ ಹತ್ತಲಾಗದೆ ಅಲ್ಲೇ ಉಳಿದುಬಿಟ್ಟಿದ್ದಳಂತೆ. ಡಾಕ್ಟರಮ್ಮ ದೋಣಿ ಮಾಡಿಸಿಕೊಂಡು ಹೋಗಿ, ಅಂಗಳಕ್ಕೆ ನೀರು ಬಂದಿದ್ದ ಮನೆಯಲ್ಲಿ ಹೆರಿಗೆ ಮಾಡಿಸಿ, ತಾಯಿ ಮಗು ಇಬ್ಬರನ್ನೂ ಅದೇ ದೋಣಿಯಲ್ಲಿ ದಡಕ್ಕೆ ತಂದರಂತೆ. ಇದನ್ನು ಹೇಳಿದವನು ಆ ಮಗುವೇ. ಈಗ ಅವನಿಗೂ ಕಿವಿಯ ಮೇಲೆ ನರೆ ಬಂದಿದೆ.

"ಹೆದ್ರಿಕೆ ಅಂದ್ರೆ ಎಂತ ಅಂತ್ಲೇ ಗೊತ್ತಿರ್ಲಿಲ್ಲ ಅವ್ರಿಗೆ," ಅಂದ ಅವನು.

ಎಲ್ಲರೂ ಹೌದು ಹೌದು ಅಂದರು. ನಾನು ಅನ್ನ ಕಲಸುತ್ತ ಕೂತಿದ್ದೆ. ಹೆದರಿಕೆ ಅಂದರೆ ಎಂತ ಅಂತ ಡಾಕ್ಟರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ನನಗಿದು ಗೊತ್ತು, ಯಾಕೆಂದರೆ ಅವರು ಒಂದು ಸಲ ನನ್ನ ಸಲುವಾಗಿ ಹೆದರಿಕೊಂಡೇ ವಿಮಾನ ಹತ್ತಿದ್ದರು. ಊಟದ ಎಲೆಯ ಮುಂದೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಆದರೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅದೇ ನೆನಪು.

ಅರವತ್ತರ ದಶಕದಲ್ಲಿ ತೀರ್ಥಹಳ್ಳಿಯ ಒಂದು ಓಣಿಯಲ್ಲಿ ಅವರ ದವಾಖಾನೆ ಇತ್ತು. ಹುಟ್ಟೂರು ಸಾಗರ. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ನಮ್ಮ ಕಡೆ ಬಂದು ನೆಲೆ ನಿಂತವರು. ಗಿಡ್ಡ ಆಳು, ದೊಡ್ಡ ಗಂಟಲು. ಅವರು ಒಳಗಿನ ಕೋಣೆಯಲ್ಲಿ ಒಬ್ಬರಿಗೆ ಬೈದರೆ ಹೊರಗಿನ ಬೆಂಚಿನಲ್ಲಿದ್ದವರ ಅರ್ಧ ಕಾಯಿಲೆ ವಾಸಿಯಾಗುತ್ತಿತ್ತು. ಕೈಗಡಿಯಾರವನ್ನು ಮುಖ ಒಳಗೆ ಮಾಡಿ ಕಟ್ಟುತ್ತಿದ್ದರು. ಮಧ್ಯಾಹ್ನದ ಊಟವನ್ನು ನಿಂತೇ ಮುಗಿಸುತ್ತಿದ್ದರು, ಅದೂ ಹೆಚ್ಚಿನ ದಿನ ಮೊಸರವಲಕ್ಕಿ. ಮೂರು ಜನ ಗಂಡಸರು ಕೋಲು ಹಿಡಿದು ನೋಡುತ್ತ ನಿಂತಿದ್ದಾಗ ಔಷಧಿ ಬೀರುವಿನ ಹಿಂದಿನ ನಾಗರಹಾವನ್ನು ಖಾಲಿ ಡಬ್ಬಿಯೊಳಗೆ ಹೊಗಿಸಿ ಮುಚ್ಚಳ ಹಾಕಿದ್ದು ಅವರೇ. "ಪಾಪ, ದಾರಿ ತಪ್ಪಿ ಬಂದಿದೆ" ಅಂತ ಕಾಂಪೌಂಡರ್ ಕೈಗೆ ಡಬ್ಬಿ ಕೊಟ್ಟರೆ ಅವರು ಅದನ್ನು ಹಿಡಿಯಲಾರದೆ ಅಳುವಂತಾಗಿದ್ದರು.

ಇನ್ನೊಂದು ಗುಣ. ಅವರು ಯಾರಿಗೂ ಸುಳ್ಳು ಹೇಳುತ್ತಿರಲಿಲ್ಲ. ಬೇರೆ ಡಾಕ್ಟರುಗಳಾದರೆ ಕಾಯಿಲೆಯವರನ್ನು ಹೊರಗೆ ಕೂರಿಸಿ ಮನೆಯವರ ಹತ್ತಿರ ಪಿಸುಗುಡುತ್ತಾರೆ. ಇವರು ಕಾಯಿಲೆಯವರನ್ನೇ ಎದುರಿಗೆ ಕೂರಿಸಿಕೊಂಡು ಹೇಳುತ್ತಿದ್ದರು. ಇಂಜೆಕ್ಷನ್ ಹಾಕುವಾಗಲೂ "ನೋಯೋದಿಲ್ಲ" ಅನ್ನುತ್ತಿರಲಿಲ್ಲ. "ನೋಯುತ್ತೆ ಮಾರಾಯ್ತಿ, ಚೂರು ಹೊತ್ತು ತಡ್ಕೋ" ಅನ್ನುತ್ತಿದ್ದರು.

ನನ್ನನ್ನೂ ಹಾಗೆಯೇ ಕೂರಿಸಿಕೊಂಡು ಹೇಳಿದರು. ಆಗ ನನಗೆ ಹತ್ತೊಂಬತ್ತು. ನಮ್ಮದು ಕೋಣಂದೂರು, ಅಪ್ಪಯ್ಯನಿಗೆ ಅಲ್ಲಿ ರೈಸ್ ಮಿಲ್ಲು. ಚಿಕ್ಕಂದಿನಲ್ಲಿ ನನಗೆ ಗಂಟುಗಂಟು ಊದಿಕೊಂಡು ಜ್ವರ ಬಂದಿತ್ತಂತೆ. ಅದು ವಾಸಿಯಾಯಿತು ಅಂತ ಎಲ್ಲರೂ ಮರೆತರು, ಹೃದಯ ಮಾತ್ರ ಮರೆಯಲಿಲ್ಲ. ಹದಿನಾರು ದಾಟುವ ಹೊತ್ತಿಗೆ ಬಾವಿಯಿಂದ ಒಂದು ಕೊಡ ನೀರು ತಂದರೆ ಕಟ್ಟೆಯ ಮೇಲೆ ಕೂರಬೇಕಾಯಿತು. ಆಮೇಲೆ ಕೊಡ ಬಿಟ್ಟು ಬರಿಗೈಯಲ್ಲಿ ನಡೆದರೂ ಅಷ್ಟೇ. ರಾತ್ರಿ ಮಲಗಿದರೆ ಉಸಿರು ಹತ್ತದೆ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದೆ. ಅಪ್ಪಯ್ಯ ಸುತ್ತದ ಊರಿಲ್ಲ, ಕಟ್ಟಿಸದ ತಾಯತವಿಲ್ಲ.

ಡಾಕ್ಟರಮ್ಮ ನನ್ನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಎಡಕ್ಕೆ ಮಲಗಿಸಿ ಕೇಳಿದರು, ಕೂರಿಸಿ ಕೇಳಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ತಮ್ಮ ಕೋಣೆಯ ಬಾಗಿಲನ್ನೇ ತೋರಿಸಿದರು.

"ನಿನ್ನ ಹೃದಯದೊಳಗೆ ಇಂಥದೇ ಬಾಗಿಲು ಇದಾವೆ. ಅದ್ರಲ್ಲಿ ಒಂದು ಬಿಗಿದುಕೊಂಡು ಬಿಟ್ಟಿದೆ. ರಕ್ತ ಮುಂದೆ ಹೋಗದೆ ಹಿಂದೆ ಶ್ವಾಸಕೋಶದಲ್ಲಿ ನಿಲ್ಲುತ್ತೆ. ಅದಕ್ಕೇ ಉಸಿರು ಕಟ್ಟೋದು. ಔಷಧಿಯಿಂದ ಆ ಬಾಗಿಲು ತೆಗೆಯೋಕಾಗಲ್ಲ. ಆಪರೇಶನ್ ಮಾಡ್ಬೇಕು."

"ಮಾಡ್ಸದಿದ್ರೆ?" ಅಂತ ಅಪ್ಪಯ್ಯ ಕೇಳಿದರು.

ಅವರು ಅಪ್ಪಯ್ಯನನ್ನು ನೋಡಲಿಲ್ಲ, ನನ್ನನ್ನೇ ನೋಡಿದರು. "ಮಾಡಿಸದಿದ್ರೆ ಜಾಸ್ತಿ ಕಾಲ ಇಲ್ಲ."

ನನಗೆ ಅಳು ಬರಲಿಲ್ಲ. ಮೂರು ವರ್ಷದಿಂದ ಎಲ್ಲರೂ ನನಗೆ ಏನೂ ಆಗಿಲ್ಲ ಅಂತ ಹೇಳುತ್ತಿದ್ದರು. ಆಗಿದೆ ಅಂತ ಹೇಳಿದವರು ಇವರೊಬ್ಬರೇ. ಯಾಕೋ ಸಮಾಧಾನವೇ ಆಯಿತು.

ಅಂಥ ಆಪರೇಶನ್ ಮಾಡುವ ಒಬ್ಬ ಸರ್ಜನ್ ಬೊಂಬಾಯಿಯಲ್ಲಿದ್ದರು. ಡಾಕ್ಟರಮ್ಮ ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಹಚ್ಚಿ ಅವರ ಹತ್ತಿರ ಮಾತಾಡಿದರು. ಮಾತಾಡಿದರು ಅನ್ನುವುದಕ್ಕಿಂತ ಕೂಗಿದರು ಅನ್ನಬೇಕು. ಅವತ್ತು ಪೇಟೆಗೆ ಬಂದಿದ್ದವರಿಗೆಲ್ಲ ನನ್ನ ಹೃದಯದ ಸಮಾಚಾರ ಗೊತ್ತಾಯಿತು. ದೀಪಾವಳಿ ಕಳೆದ ಮೇಲೆ ಕರೆದುಕೊಂಡು ಬನ್ನಿ ಅಂತ ಆ ಕಡೆಯಿಂದ ಒಪ್ಪಿಗೆ ಬಂತು.

ಹೋಗುವುದು ಹೇಗೆ? ಶಿವಮೊಗ್ಗಕ್ಕೆ ಹೋಗಿ ರೈಲು ಹಿಡಿಯುವುದು ಅಂತ ಎಲ್ಲರ ಲೆಕ್ಕ. ಅದಕ್ಕೂ ಮೊದಲು ಎಕ್ಸ್‌ರೇ ತೆಗೆಸಲು ನನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೊರಟರು. ಬಸ್ಸು ಮಂಡಗದ್ದೆ ಮುಟ್ಟುವ ಮೊದಲೇ ನನಗೆ ಉಸಿರು ಏರಿ, ಕೆಮ್ಮಿದರೆ ಕೆಂಪು ನೊರೆ ಬಂತು. ಡಾಕ್ಟರಮ್ಮ ಬಸ್ಸು ನಿಲ್ಲಿಸಿ, ರಸ್ತೆಬದಿಯ ಮೋರಿಕಟ್ಟೆಯ ಮೇಲೆ ನನ್ನನ್ನು ಕೂರಿಸಿ ಇಂಜೆಕ್ಷನ್ ಹಾಕಿದರು. ಬಸ್ಸಿನ ಜನ ಅರ್ಧ ಗಂಟೆ ಹಕ್ಕಿ ನೋಡುತ್ತ ನಿಂತರು. ಒಬ್ಬರೂ ಗೊಣಗಲಿಲ್ಲ, ಗೊಣಗುವ ಧೈರ್ಯ ಯಾರಿಗಿತ್ತು?

ಎದುರಿನಿಂದ ಬಂದ ಲಾರಿಗೆ ಹತ್ತಿಸಿ ನನ್ನನ್ನು ವಾಪಸ್ಸು ದವಾಖಾನೆಗೆ ತಂದು ಮಲಗಿಸಿದ ಮೇಲೆ ಅವರು ಹೇಳಿದರು, "ಎರಡು ದಿನ ರೈಲಲ್ಲಿ ಕುಲುಕಿಕೊಂಡು ಈ ಹುಡುಗಿ ಬೊಂಬಾಯಿ ಮುಟ್ಟೋದಿಲ್ಲ. ಬಜ್ಪೆಯಿಂದ ವಿಮಾನ ಇದೆಯಲ್ಲ. ಅದರಲ್ಲೇ ಹೋಗ್ಲಿ."

ಹೋಗಲಿ ಅಂದರು. ಹೋಗೋಣ ಅನ್ನಲಿಲ್ಲ. ಆಗ ಅದು ನನಗೆ ಗೊತ್ತಾಗಲಿಲ್ಲ.

ಇಂಥ ಕಾಯಿಲೆಯವರನ್ನು ವಿಮಾನದಲ್ಲಿ ಕೂರಿಸಿಕೊಳ್ಳಬೇಕಾದರೆ ಜೊತೆಯಲ್ಲಿ ಒಬ್ಬರು ಡಾಕ್ಟರು ಇರಲೇಬೇಕು ಅಂತ ವಿಮಾನದವರು ಹೇಳಿದ್ದರು. ಶಿವಮೊಗ್ಗದ ಒಬ್ಬ ಎಳೆ ಡಾಕ್ಟರು ಬರುತ್ತೇನೆ ಅಂದಿದ್ದರು. ನನ್ನನ್ನು ದವಾಖಾನೆಯ ಕೆಳಗಿನ ಕೋಣೆಯಲ್ಲೇ ಇರಿಸಿಕೊಂಡು, ಉಪ್ಪಿಲ್ಲದ ಊಟ ಕೊಟ್ಟು, ಡಾಕ್ಟರಮ್ಮ ಪ್ರಯಾಣಕ್ಕೆ ತಯಾರು ಮಾಡುತ್ತಿದ್ದರು. ಅಷ್ಟರಲ್ಲಿ ಆ ಎಳೆ ಡಾಕ್ಟರಿಗೆ ದೂರದೂರಿಗೆ ವರ್ಗವಾಯಿತು. ಬೇರೆ ಯಾರೂ ಸಿಗಲಿಲ್ಲ.

ಆ ದಿನ ಸಂಜೆ ಅವರು ನನ್ನ ಹಾಸಿಗೆಯ ತುದಿಯಲ್ಲಿ ಬಂದು ಕೂತರು. ಅಪ್ಪಯ್ಯನೂ ಅಲ್ಲೇ ಇದ್ದರು.

"ನಾನೇ ಬರ್ಬೇಕಾಗಿದೆ," ಅಂದರು. ನನ್ನ ಹೊದಿಕೆ ಸರಿ ಮಾಡುತ್ತ, "ನಿಮಗೆ ಒಂದು ವಿಷಯ ಹೇಳ್ಬೇಕು. ನನಗೆ ವಿಮಾನ ಅಂದ್ರೆ ಭಯ. ವಿಮಾನ ಅಂತಲ್ಲ, ಎತ್ತರ ಅಂದ್ರೇ ಭಯ. ಕಾಲ ಕೆಳಗೆ ನೆಲ ಇರ್ಬೇಕು ನನಗೆ. ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು, ಈ ಮಹಡಿ ಮೆಟ್ಟಿಲು ಒಂದ್ಸಲಾನೂ ಹತ್ತಿಲ್ಲ."

ಅಪ್ಪಯ್ಯ ನಕ್ಕರು. ತಮಾಷೆ ಅಂದುಕೊಂಡರು. ಅವರ ಮುಖ ನೋಡಿ ನಗು ನಿಲ್ಲಿಸಿದರು.

"ಹಂಗಾರೆ ಡಾಕ್ಟ್ರಮ್ಮ, ಮೇಲೆ ಹೋದ್ಮೇಲೆ ನಿಮಗೇ ತಲೆ ತಿರುಗಿ ಬಿದ್ರೆ ನನ್ ಮಗಳ ಗತಿ ಎಂತ?"

"ನಾನೂ ಅದನ್ನೇ ಕೇಳ್ಕೊಂಡಿದೀನಿ ಗೌಡ್ರೆ. ಉತ್ತರ ಗೊತ್ತಿಲ್ಲ. ಹತ್ತಿದ ಮೇಲೇ ಗೊತ್ತಾಗೋದು. ಬೇರೆ ಡಾಕ್ಟ್ರು ಸಿಕ್ಕಿದ್ರೆ ಅವರ ಕಾಲು ಹಿಡಿದಾದ್ರೂ ತಪ್ಪಿಸ್ಕೊಳ್ತಿದ್ದೆ."

ಅಪ್ಪಯ್ಯ ಎದ್ದು ಹೊರಗೆ ಹೋಗಿ ಜಗಲಿಯಲ್ಲಿ ನಿಂತರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಒಳಗೆ ಬಂದವರೇ, "ದೀಪಾವಳಿ ಕಳ್ದು ಇನ್ನೊಂದ್ ತಿಂಗ್ಳು ಬಿಟ್ಟು ಹೋದ್ರೆ ಆಗಲ್ವಾ? ಅಷ್ಟ್ರಲ್ಲಿ ಯಾರಾದ್ರೂ ಸಿಗ್ತಾರೆ," ಅಂದರು.

ಡಾಕ್ಟರಮ್ಮನಿಗೆ ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಆಗುತ್ತೆ ಅಂದಿದ್ದರೆ ಸಾಕಿತ್ತು. "ಆಗಲ್ಲ," ಅಂದರು.

ಆಗ ನಾನು ಬಾಯಿ ಬಿಟ್ಟೆ. "ಅಪ್ಪಯ್ಯ, ನಾನು ಇವ್ರ ಜೊತೇಲೇ ಹೋಗೋದು. ಹೆದ್ರಿಕೆ ಅಂತ ಬಾಯ್ಬಿಟ್ಟು ಹೇಳಿದ್ರಲ್ಲ. ಹೇಳದೇ ಕರ್ಕೊಂಡ್ ಹೋಗೋರಿಗಿಂತ ಇವ್ರೇ ಸೈ."

ಡಾಕ್ಟರಮ್ಮ ನನ್ನ ಕಾಲಿನ ಮೇಲೆ ಕೈಯಿಟ್ಟು ಒಂದು ಸಲ ಒತ್ತಿ, ಎದ್ದು ಹೋದರು.

ಮಾರನೇ ದಿನದಿಂದ ಅವರು ತಮಗೆ ತಾವೇ ಚಿಕಿತ್ಸೆ ಶುರು ಮಾಡಿಕೊಂಡರು. ಆ ಮನೆಯ ಮಹಡಿಯಲ್ಲಿ ಹಳೆಯ ಮಂಚ, ಖಾಲಿ ಬಾಟಲಿಯ ಪೆಟ್ಟಿಗೆಗಳು ಇದ್ದವು. ಬೇಕಾದದ್ದನ್ನು ಕಾಂಪೌಂಡರ್ ಹೋಗಿ ತರುತ್ತಿದ್ದರು. ಮರದ ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಹಗ್ಗ. ಬೆಳಿಗ್ಗೆ ಬೆಂಚು ತುಂಬುವ ಮೊದಲು ಅವರು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಬುಡದಲ್ಲಿ ನಿಲ್ಲುವರು. ಹೃದಯದ ದೆಸೆಯಿಂದ ಆ ಮೆಟ್ಟಿಲು ಹತ್ತಲಾರದ ನಾನು ಕೆಳಗೆ ಮಣೆಯ ಮೇಲೆ ಕೂತು ನೋಡುವೆ. ಹೆದರಿಕೆಯ ದೆಸೆಯಿಂದ ಹತ್ತಲಾರದ ಅವರು ಹಗ್ಗ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುವರು. ಮೊದಲನೇ ದಿನ ಅರ್ಧಕ್ಕೆ ಹೋಗಿ ಹಿಂದಕ್ಕೆ ಬಂದರು. ಮುಖವೆಲ್ಲ ಬೆವರು.

"ನಾಳೆ ಇನ್ನೊಂದೆರಡು ಮೆಟ್ಲು," ಅಂದರು, ಯಾರೋ ಬಾಣಂತಿಗೆ ಹೇಳುವ ಹಾಗೆ.

ಒಂದು ದಿನ ಪೂರ್ತಿ ಹತ್ತಿ ಮೇಲೆ ಕಣ್ಮರೆಯಾದರು. ತುಂಬ ಹೊತ್ತು ಸದ್ದೇ ಇಲ್ಲ. ನನಗೆ ಗಾಬರಿ. "ಡಾಕ್ಟರಮ್ಮಾ, ಎಂತ ಮಾಡ್ತಿದೀರಿ?"

"ಕೂತಿದೀನಿ."

"ಎಂತ ಕಾಣುತ್ತೆ?"

ಕಿಟಕಿ ತೆಗೆದ ಸದ್ದು. ಆಮೇಲೆ ಅವರ ದೊಡ್ಡ ದನಿ ಸಣ್ಣದಾಗಿ ಕೇಳಿತು. "ಎದುರು ಮನೆ ಹೆಂಚಿನ ಮೇಲೆ ಯಾರದೋ ಒಂದು ಚಪ್ಪಲಿ ಬಿದ್ದಿದೆ... ಹೊಳೆ ಕಾಣುತ್ತೆ ಮಾರಾಯ್ತಿ. ಇಲ್ಲಿಂದ ಹೊಳೆ ಕಾಣುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ!"

ಇಳಿಯುವಾಗ ಮಾತ್ರ ಕಾಂಪೌಂಡರ್ ಹಿಂದುಮುಂದಾಗಿ ಮೆಟ್ಟಿಲ ಮೇಲೆ ನಿಂತು, ಅವರ ಒಂದೊಂದೇ ಪಾದ ಹಿಡಿದು ಇಳಿಸಬೇಕಾಯಿತು.

ಆ ಸುತ್ತಿನಲ್ಲಿ ವಿಮಾನ ಹತ್ತಿ ಗೊತ್ತಿದ್ದವರು ಒಬ್ಬರೇ, ಮಿಲಿಟರಿಯಿಂದ ನಿವೃತ್ತರಾಗಿ ಬಂದಿದ್ದ ಹೊಸನಗರದ ಒಬ್ಬ ಸುಬೇದಾರರು. ಕುರು ಎದ್ದಿದೆ ಅಂತ ದವಾಖಾನೆಗೆ ಬಂದಿದ್ದ ಅವರನ್ನು ಡಾಕ್ಟರಮ್ಮ ಹಿಡಿದುಕೊಂಡರು. ಎಲ್ಲ ಹೇಳಿ, ಏನೂ ಬಿಡಬೇಡಿ ಅಂದರು. ಸುಬೇದಾರರಿಗೆ ಕೇಳುವವರು ಸಿಕ್ಕಿದ್ದೇ ಹಬ್ಬ. ಮೋಡದೊಳಗೆ ಹೊಕ್ಕರೆ ರೆಕ್ಕೆಯೇ ಕಾಣುವುದಿಲ್ಲ, ಒಮ್ಮೊಮ್ಮೆ ಗಾಳಿ ಇಲ್ಲದ ಗುಂಡಿಗೆ ಬಿದ್ದ ಹಾಗೆ ದಡಕ್ಕನೆ ಕೆಳಗೆ ಹೋಗುತ್ತದೆ, ಹೊಟ್ಟೆ ಬಾಯಿಗೆ ಬರುತ್ತದೆ, ಗಟ್ಟಿಮುಟ್ಟಾದ ಸಿಪಾಯಿಗಳೂ ದೇವರನ್ನು ಕರೆಯುತ್ತಾರೆ. ಕೈಯನ್ನೇ ವಿಮಾನ ಮಾಡಿ ಮೇಜಿನ ಮೇಲೆ ಬೀಳಿಸಿ ತೋರಿಸಿದರು. ಡಾಕ್ಟರಮ್ಮ ಬಿಳುಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡರು. ಅವತ್ತು ಸುಬೇದಾರರಿಗೆ ಹಾಕಿದ ಇಂಜೆಕ್ಷನ್ ಸ್ವಲ್ಪ ಜೋರಾಗಿಯೇ ಇತ್ತು ಅಂತ ಕಾಂಪೌಂಡರ್ ಆಣೆ ಮಾಡಿ ಹೇಳುತ್ತಿದ್ದರು.

"ಯಾಕೆ ಕೇಳಿದ್ರಿ ಅದನ್ನೆಲ್ಲ?" ಅಂದೆ.

"ಗೊತ್ತಿಲ್ಲದೇ ಇರೋದಕ್ಕೆ ನಾನು ಜಾಸ್ತಿ ಹೆದರ್ತೀನಿ. ಈಗ ಇಷ್ಟಕ್ಕೇ ಹೆದರಿದ್ರೆ ಸಾಕು."

ಹೊರಡುವ ಮುಂಚಿನ ಭಾನುವಾರ ಬಾಡಿಗೆ ಕಾರಿನಲ್ಲಿ ಆಗುಂಬೆಗೆ ಹೋದರು. ನನ್ನನ್ನೂ ಗಾಳಿ ಬದಲಾಗಲಿ ಅಂತ ಕರೆದುಕೊಂಡು ಹೋದರು. ಸೂರ್ಯಾಸ್ತ ನೋಡುವ ಜಾಗ, ಆದರೆ ಹೋದದ್ದು ಬೆಳಿಗ್ಗೆ, ಜನ ಇರುವುದಿಲ್ಲ ಅಂತ. ನಾನು ಕಾರಿನ ಬಾಗಿಲು ತೆಗೆದುಕೊಂಡು ಕೂತೆ. ಅವರು ಅಂಚಿನ ಕಡೆ ನಡೆದರು. ಸ್ವಲ್ಪ ದೂರದಲ್ಲೇ ಕಾಲುಗಳು ನೆಲ ಕಚ್ಚಿಕೊಂಡು ನಿಂತುಬಿಟ್ಟವು. ಜೊತೆಗೆ ಬಂದಿದ್ದ ಕಾಂಪೌಂಡರ ಹೆಂಡತಿ ಕೈ ಹಿಡಿದುಕೊಂಡರೂ ಮುಂದೆ ಹೋಗಲಾಗಲಿಲ್ಲ. ಆಮೇಲೆ ನಾನು ಎಂದೂ ಮರೆಯದ ಕೆಲಸ ಮಾಡಿದರು. ನೆಲದ ಮೇಲೆ ಕೂತರು. ಒಳ್ಳೆಯ ಸೀರೆ ಉಟ್ಟಿದ್ದರು, ಅದರ ಹಂಗಿಲ್ಲದೆ ಮಗುವಿನ ಹಾಗೆ ತೆವಳಿಕೊಂಡು ಅಂಚಿನವರೆಗೂ ಹೋದರು. ಅಷ್ಟು ಬೆಳಿಗ್ಗೆಯೂ ಅಲ್ಲಿ ಹುಡುಗರ ಒಂದು ಗುಂಪು ಇತ್ತು. ಒಬ್ಬ ಕಿಸಕ್ಕನೆ ನಕ್ಕ. ಅವರು ಆ ಕಡೆ ತಿರುಗಲೇ ಇಲ್ಲ. ಅಂಚಿನ ಬೇಲಿಯ ಕಂಬ ತಬ್ಬಿ ಹಿಡಿದು, ಕೆಳಗೆ ಘಟ್ಟದ ಬುಡದವರೆಗೂ ನೋಡಿದರು.

ವಾಪಸ್ಸು ಬರುವಾಗ ಕಣ್ಣಲ್ಲಿ ನೀರು. ಸೀರೆಯ ಮಣ್ಣು ಕೊಡವುತ್ತ ಕಾರಿನೊಳಗೆ ಕೂತರು.

"ನೋಡಿದೆ. ಭಯ ಏನೂ ಕಡಿಮೆ ಆಗ್ಲಿಲ್ಲ," ಅಂದರು. ಕಾರಿನ ಬಾಗಿಲು ಎಳೆದುಕೊಂಡು, "ಆದ್ರೂ ನೋಡಿದೆ."

ಅಪ್ಪಯ್ಯ ಮುಂಚೆಯೇ ರೈಲಿನಲ್ಲಿ ಬೊಂಬಾಯಿಗೆ ಹೋಗಿ ಆಸ್ಪತ್ರೆಯ ವ್ಯವಸ್ಥೆ ಮಾಡಿಕೊಂಡಿದ್ದರು. ನಮ್ಮನ್ನು ಅದೇ ಬಾಡಿಗೆ ಕಾರಿನಲ್ಲಿ ನಿಧಾನಕ್ಕೆ ಘಟ್ಟ ಇಳಿಸಿ ಬಜ್ಪೆಗೆ ಕರೆದುಕೊಂಡು ಹೋದದ್ದು ಕಾಂಪೌಂಡರ್. ನನಗಂತೂ ಖುಷಿಯೋ ಖುಷಿ. ಸಾಯುತ್ತೇನೋ ಬದುಕುತ್ತೇನೋ, ಅಂತೂ ಕೋಣಂದೂರಿನ ಹುಡುಗಿಯರಲ್ಲಿ ಮೊದಲು ವಿಮಾನ ಹತ್ತುವವಳು ನಾನೇ. ಡಾಕ್ಟರಮ್ಮ ಮಾತ್ರ ಬೆಳಿಗ್ಗೆಯಿಂದ ಒಂದು ಲೋಟ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ. ನಿಲ್ದಾಣ ಅಂದರೆ ಆಗ ಒಂದು ಸಣ್ಣ ಕಟ್ಟಡ, ಸುತ್ತ ಕೆಂಪು ನೆಲ. ವಿಮಾನ ತಡ ಅಂದರು.

"ಬರದೇ ಹೋದ್ರೆ ಒಳ್ಳೇದಿತ್ತು ಅಂತ ಅನ್ನಿಸ್ತಿದೆ," ಅಂದರು ನನ್ನ ಕಿವಿಯಲ್ಲಿ. "ಇದನ್ನೂ ನಿನಗೆ ಹೇಳ್ಬಿಡ್ತೀನಿ."

ವಿಮಾನ ಬಂತು. ದೂರದಲ್ಲಿ ಗಿಡುಗನಷ್ಟು ಇದ್ದದ್ದು ಇಳಿದು ಹತ್ತಿರ ಬಂದಾಗ ರೆಕ್ಕೆಯ ಎರಡು ಪಂಖಗಳ ಗದ್ದಲಕ್ಕೆ ಎದೆ ನಡುಗಿತು. ಡಾಕ್ಟರಮ್ಮ ಎದ್ದು ಕಟ್ಟಡದ ಹಿಂದಕ್ಕೆ ಹೋದರು. ವಾಂತಿ ಮಾಡಿಕೊಂಡದ್ದು ಕೇಳಿಸಿತು. ಮುಖ ತೊಳೆದು ಬಂದು ಅಲ್ಲಿದ್ದ ಗುಮಾಸ್ತನಿಗೆ, "ಇದನ್ನ ನಡೆಸೋರು ಯಾರು? ನಾನು ಅವರನ್ನ ನೋಡ್ಬೇಕು," ಅಂದರು.

ಗುಮಾಸ್ತನಿಗೆ ದಿಕ್ಕು ತೋಚಲಿಲ್ಲ. ಆದರೆ ಅವರ ದನಿಗೆ ಆಗದು ಅನ್ನುವುದು ಕಷ್ಟ. ಪೈಲಟ್ ಬಂದ. ಉತ್ತರದ ಕಡೆಯವನು, ದಪ್ಪ ಮೀಸೆ, ಎತ್ತರದ ಆಳು. ಇವರು ಅವನ ಎದೆಮಟ್ಟಕ್ಕೆ ಇದ್ದರು. ಇಂಗ್ಲಿಷಿನಲ್ಲಿ ಕೇಳತೊಡಗಿದರು. ನಿನ್ನೆ ರಾತ್ರಿ ನಿದ್ದೆ ಆಯಿತೇ? ಕುಡಿಯುತ್ತೀರಾ? ಕಣ್ಣು ಸರಿ ಕಾಣುತ್ತದೆಯೇ? ಕೇಳುತ್ತ ಕೇಳುತ್ತ ಅಭ್ಯಾಸಬಲದಿಂದ ಬೆರಳೆತ್ತಿ ಅವನ ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿಯೇಬಿಟ್ಟರು. ಕಾಂಪೌಂಡರ್ ನಾಚಿಕೆಯಿಂದ ಆ ಕಡೆ ತಿರುಗಿದರು.

ಪೈಲಟ್ ಸಿಟ್ಟು ಮಾಡಿಕೊಳ್ಳಲಿಲ್ಲ. ಒಳ್ಳೆಯ ಮನುಷ್ಯ. "ಪಾಸಾದೆನೇ ಡಾಕ್ಟರ್?" ಅಂದ. ಆಮೇಲೆ ನನ್ನನ್ನೂ, ಪಕ್ಕದಲ್ಲಿದ್ದ ಆಕ್ಸಿಜನ್ ಸಿಲಿಂಡರನ್ನೂ ನೋಡಿ ಅವನ ಮುಖ ಮೆತ್ತಗಾಯಿತು. ಅವರ ಪಕ್ಕ ಬೆಂಚಿನ ಮೇಲೆ ಕೂತು ಒಂದೊಂದೇ ಹೇಳಿದ. ಏರುವಾಗ ಸದ್ದು ಜೋರಾಗಿರುತ್ತದೆ, ಏರಿದ ಮೇಲೆ ತಟ್ಟನೆ ತಗ್ಗುತ್ತದೆ, ಎಂಜಿನ್ ನಿಂತಿತು ಅಂದುಕೊಳ್ಳಬೇಡಿ. ಅಡಿಯಲ್ಲಿ ದಡಬಡ ಅಂದರೆ ಅದು ಚಕ್ರ ಒಳಗೆ ಹೋಗುವುದು. ಘಟ್ಟದ ಗಾಳಿಗೆ ಸ್ವಲ್ಪ ಕುಲುಕುತ್ತದೆ, ಕೆಟ್ಟ ರಸ್ತೆ ಅಂದುಕೊಳ್ಳಿ. ಅವರು ವಿದ್ಯಾರ್ಥಿನಿಯ ಹಾಗೆ ತಲೆಯಾಡಿಸುತ್ತ ಕೇಳಿದರು.

ಹೊರಡುವಾಗ ಅವನು ನಗುತ್ತ, "ನಾನು ಒಂದು ಹೇಳಲೇ? ನನಗೆ ಇಂಜೆಕ್ಷನ್ ಅಂದರೆ ಆಗುವುದಿಲ್ಲ. ನೋಡಿದರೇ ತಲೆ ತಿರುಗುತ್ತದೆ," ಅಂದ.

ಡಾಕ್ಟರಮ್ಮನ ಮುಖದಲ್ಲಿ ಅವತ್ತು ಮೊದಲ ಸಲ ಬಣ್ಣ ಬಂತು.

ಏಣಿಯ ಹತ್ತಿರ ಕಾಂಪೌಂಡರ್ ಕೈಮುಗಿದರು. ಅವರ ಕಣ್ಣು ಒದ್ದೆಯಾಗಿತ್ತು. ಇಬ್ಬರಲ್ಲಿ ಯಾರಿಗಾಗಿ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಸಿಬ್ಬಂದಿಯವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಿ ಕಿಟಕಿಯ ಪಕ್ಕ ಇಳಿಸಿದರು. ಡಾಕ್ಟರಮ್ಮ ನನ್ನ ಪಕ್ಕ ಕೂತು, ಪಟ್ಟಿ ಬಿಗಿದುಕೊಂಡು, ಕಣ್ಣು ಮುಚ್ಚಿದರು. ವಿಮಾನ ಓಡತೊಡಗಿತು. ನೆಲ ಬಿಟ್ಟಿತು. ಕೆಂಪು ನೆಲ, ತೆಂಗಿನ ತಲೆಗಳು, ಒಂದು ಹೊಳೆ, ಆಮೇಲೆ ಇಡೀ ಸಮುದ್ರ. ನನಗೆ ಕುಣಿಯುವಂತಾಗಿತ್ತು. ಪಕ್ಕಕ್ಕೆ ನೋಡಿದರೆ ಅವರ ತುಟಿಗಳು ಅಲ್ಲಾಡುತ್ತಿದ್ದವು. ಮಂತ್ರ ಇರಬೇಕು ಅಂತ ಕಿವಿಗೊಟ್ಟೆ. "ಎಂತದೂ ಇಲ್ಲೆ, ಎಂತದೂ ಇಲ್ಲೆ," ಅಂತ ಒಂದೇ ಸಮ ಹೇಳಿಕೊಳ್ಳುತ್ತಿದ್ದರು. ಎಷ್ಟೋ ವರ್ಷದಿಂದ ನಮ್ಮ ಹಾಗೆಯೇ ಮಾತಾಡುತ್ತಿದ್ದವರಿಗೆ ಆ ಎತ್ತರದಲ್ಲಿ ತಾಯಿಮನೆಯ ಮಾತೇ ನೆನಪಿಗೆ ಬಂದಿತ್ತು.

ಅರ್ಧ ದಾರಿಯಾಗಿರಬೇಕು. ವಿಮಾನ ಕುಲುಕಿತು, ಒಮ್ಮೆ ದಡಕ್ಕನೆ ಕೆಳಕ್ಕೆ ಜಾರಿತು. ಯಾರೋ ಕಿರುಚಿದರು. ಅದೇ ಹೊತ್ತಿಗೆ ನನಗೂ ಉಸಿರು ಸಿಕ್ಕಿಹಾಕಿಕೊಂಡಿತು. ಮಂಡಗದ್ದೆಯ ದಾರಿಯಲ್ಲಿ ಆದ ಹಾಗೆಯೇ. ನಾನು ಅವರನ್ನು ಕರೆಯಲಿಲ್ಲ, ಕರೆಯಲು ಉಸಿರೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡೇ ಇದ್ದವರಿಗೆ ಅದು ಹೇಗೆ ಕೇಳಿಸಿತೋ. ಪಟ್ಟಿ ಬಿಚ್ಚಿ ಎದ್ದು ನಿಂತಿದ್ದರು. ಕುಲುಕುವ ವಿಮಾನದ ನಡುದಾರಿಯಲ್ಲಿ, ಏನನ್ನೂ ಹಿಡಿದುಕೊಳ್ಳದೆ, ನನ್ನ ಮುಖಕ್ಕೆ ಮಾಸ್ಕ್ ಕಟ್ಟಿ ಸಿಲಿಂಡರ್ ತಿರುಗಿಸಿದರು. ಕೂತುಕೊಳ್ಳಿ ಅಂತ ಓಡಿ ಬಂದ ವಿಮಾನದ ಹುಡುಗಿಗೆ "ಸುಮ್ನಿರು ಮಾರಾಯ್ತಿ" ಅಂತ ಕನ್ನಡದಲ್ಲೇ ಗದರಿದರು. ಸೂಜಿ ಚುಚ್ಚುವಾಗ ಕೈ ಒಂದಿಷ್ಟೂ ಅಲುಗಲಿಲ್ಲ.

"ಉಸಿರು ಬತ್ತಾ ಇದ್ದು... ಹಾಂ... ಹಂಗೇ... ಅವಸರ ಇಲ್ಲೆ."

ಉಸಿರು ಬರುತ್ತಿದೆ ಅಂತ ತಮ್ಮ ತಾಯಿಮನೆಯ ಮಾತಿನಲ್ಲೇ ಹೇಳುತ್ತಿದ್ದರು. ನನ್ನ ಉಸಿರು ನಿಧಾನಕ್ಕೆ ಹದಕ್ಕೆ ಬಂತು. ಬಂದದ್ದು ಖಚಿತವಾದ ಮೇಲೆ ಅವರು ಕೂತರು. ನಾಡಿ ನೋಡುವವರ ಹಾಗೆ ನನ್ನ ಮಣಿಕಟ್ಟು ಹಿಡಿದರು. ಬೊಂಬಾಯಿಯಲ್ಲಿ ಚಕ್ರ ನೆಲ ಮುಟ್ಟುವವರೆಗೂ ಬಿಡಲಿಲ್ಲ. ಅಷ್ಟು ಹೊತ್ತು ಯಾರೂ ನಾಡಿ ನೋಡುವುದಿಲ್ಲ ಅಂತ ನನಗೂ ಗೊತ್ತಿತ್ತು. ನಾನು ನನ್ನ ಇನ್ನೊಂದು ಕೈಯನ್ನು ಅವರ ಕೈಮೇಲೆ ಇಟ್ಟೆ. ಮಾಸ್ಕ್ ಇದ್ದುದರಿಂದ ಮಾತು ಬೇಕಾಗಲಿಲ್ಲ.

ಆಪರೇಶನ್ ಆಯಿತು. ಹೃದಯ ನಿಲ್ಲಿಸದೆ, ಮಿಡಿಯುತ್ತಿರುವಾಗಲೇ ಬೆರಳು ಹಾಕಿ ಆ ಬಾಗಿಲು ಬಿಡಿಸಿದರಂತೆ. ಡಾಕ್ಟರಮ್ಮ ಒಳಗೇ ನಿಂತಿದ್ದರು. ಆಮೇಲೂ ನನಗೆ ಎಚ್ಚರವಾದಾಗೆಲ್ಲ ಮಂಚದ ಪಕ್ಕದ ಸ್ಟೂಲಿನ ಮೇಲೆ ಅವರೇ ಕಾಣುತ್ತಿದ್ದರು. ನಾನು ದಿಂಬು ತೆಗೆದು ಚಪ್ಪಟೆ ಮಲಗಿ ನಿದ್ದೆ ಮಾಡಿದ ಮೊದಲನೇ ದಿನ ಅಪ್ಪಯ್ಯ ಬಾಗಿಲಲ್ಲಿ ನಿಂತು ನೋಡಿ ನೋಡಿ ಅತ್ತರಂತೆ. ಅದನ್ನು ಹೇಳಿದವರೂ ಡಾಕ್ಟರಮ್ಮನೇ.

ಇನ್ನು ಅಪಾಯವಿಲ್ಲ ಅಂತ ಸರ್ಜನ್ ಹೇಳಿದ ಮೇಲೆ ಅವರು ಊರಿಗೆ ಹೊರಟರು. ಅಲ್ಲಿ ದವಾಖಾನೆ ಮುಚ್ಚಿತ್ತು, ದಿನ ತುಂಬಿದ ಬಸುರಿಯರು ಕಾಯುತ್ತಿದ್ದರು. ಚೀಲ ಹಿಡಿದು ನನ್ನ ಹತ್ತಿರ ಬಂದು, ಕೊನೆಯ ಸಲ ಎದೆಗೆ ಕೊಳವೆ ಇಟ್ಟು ಕೇಳಿದರು. ತೃಪ್ತಿಯಾಗಿ ತಲೆಯಾಡಿಸಿ ಕೊಳವೆ ಸುತ್ತಿ ಇಟ್ಟರು.

"ಡಾಕ್ಟ್ರಮ್ಮ, ನಾಳೆ ವಿಮಾನಕ್ಕೆ ಟಿಕೆಟ್ ಮಾಡಿಸ್ತೀನಿ. ಬೇಗ ಹೋಗ್ಬಹುದು," ಅಂದರು ಅಪ್ಪಯ್ಯ.

"ಬೇಡ ಬೇಡ. ಇವತ್ತು ಸಂಜೆ ರೈಲಿಗೆ ಹೋಗ್ತೀನಿ."

"ಎರಡು ದಿನ ಆಗುತ್ತಲ್ಲ? ಹೆಂಗೂ ಒಂದ್ಸಲ ಹತ್ತಿ ಬಂದಿದೀರಿ. ಈಗೆಂತ ಹೆದ್ರಿಕೆ?"

"ಏನು ಗೌಡ್ರೇ ಹೀಗಂತೀರಿ?" ಡಾಕ್ಟರಮ್ಮನ ದನಿ ವಾರ್ಡಿನ ಆ ತುದಿಗೂ ಕೇಳುವಂತಿತ್ತು. "ಬರೋವಾಗ ಜೊತೆಗೆ ಪೇಷಂಟ್ ಇದ್ಲು, ಮನಸ್ಸು ಬಿಚ್ಚಿ ಹೆದರೋದಕ್ಕೂ ಆಗ್ಲಿಲ್ಲ. ಈಗ ಒಬ್ಳೇ ಇದೀನಿ. ನನಗೆ ಎಷ್ಟು ಬೇಕೋ ಅಷ್ಟು ಹೆದರ್ಕೊಂಡು, ಆರಾಮಾಗಿ ರೈಲಲ್ಲಿ ಹೋಗ್ತೀನಿ!"

ಅಪ್ಪಯ್ಯ ಗೊಳ್ಳನೆ ನಕ್ಕರು. ನನಗೂ ನಗು ಉಕ್ಕಿ ಬಂತು.

"ನಗಬೇಡ, ಹೊಲಿಗೆ ಎಳೆಯುತ್ತೆ," ಅಂತ ಅವರು ನನ್ನನ್ನು ಗದರಿದರು, ತಾವೂ ನಗುತ್ತ.

ನಾನು ನಕ್ಕೆ. ಎದೆಯ ಎಡಭಾಗ ಚುಚ್ಚಿದ ಹಾಗೆ ನೋಯಿತು. ಆದರೂ ನಿಲ್ಲಿಸಲಾಗದೆ ನಕ್ಕೆ, ಎಷ್ಟೋ ಹೊತ್ತು, ಉಸಿರು ಕಟ್ಟದೆ.